ಕಸ ಬೆಳೆದ ಮಾತ್ರಕ್ಕೆ ಉದ್ಯಮ ಬೆಳೆಯುವುದಿಲ್ಲ: ಇ-ತ್ಯಾಜ್ಯದ ಕಾನೂನು ಬರೆಯುವವರಿಗೆ, ಅದರಲ್ಲಿ ಹಣ ಹೂಡುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಇ-ತ್ಯಾಜ್ಯದ, ಅಂದರೆ ಎಸೆದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಮಾನುಗಳ, ಮರುಬಳಕೆಯ ಬಗ್ಗೆ ನೀವು ಹೊರಡಿಸುವ ವರದಿಗಳಲ್ಲಿ, ಸಭೆಗಳಲ್ಲಿ ತೋರಿಸುವ ಸ್ಲೈಡ್‌ಗಳಲ್ಲಿ ಒಂದು ಚಿತ್ರ ತಪ್ಪದೆ ಇರುತ್ತದೆ. ಮೇಲಕ್ಕೆ ಏರುತ್ತ ಹೋಗುವ ಗೆರೆ. ಕಸ ಜಾಸ್ತಿ ಆಗುತ್ತಿದೆ, ಹಾಗಾಗಿ ವ್ಯಾಪಾರವೂ ಜಾಸ್ತಿ ಆಗುತ್ತದೆ ಎಂಬ ಲೆಕ್ಕ. ಕೇಳಲು ಸರಿಯಾಗಿದೆ. ಆದರೆ ಕಸಕ್ಕೂ ವ್ಯಾಪಾರಕ್ಕೂ ನಡುವೆ ಒಂದು ಕೆಲಸವಿದೆ. ಅದನ್ನು ಯಾರು ಮಾಡಬೇಕು, ಅದಕ್ಕೆ ಯಾರು ದುಡ್ಡು ಕೊಡಬೇಕು ಎಂಬುದು ನಿಮ್ಮ ಸ್ಲೈಡ್‌ನಲ್ಲಿ ಇಲ್ಲ. ಅದಕ್ಕೇ ಈ ಪತ್ರ.

ಮೊದಲು ಗೆರೆಯ ಅಂಕಿಗಳನ್ನೇ ನೋಡೋಣ. ವಿಶ್ವಸಂಸ್ಥೆಯ ಐಟಿಯು ಮತ್ತು ಯುನಿಟಾರ್ ಸಂಸ್ಥೆಗಳು 2024ರ ಮಾರ್ಚ್‌ನಲ್ಲಿ ಒಂದು ವರದಿ ಹೊರತಂದವು. ಅದರ ಪ್ರಕಾರ 2022ರಲ್ಲಿ ಇಡೀ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. 2010ಕ್ಕಿಂತ ಶೇ 82ರಷ್ಟು ಹೆಚ್ಚು. 2030ಕ್ಕೆ ಇದು 8.2 ಕೋಟಿ ಟನ್ ಮುಟ್ಟಬಹುದು. 2022ರ ಕಸದಲ್ಲಿದ್ದ ಲೋಹಗಳ ಬೆಲೆ ಸುಮಾರು 9,100 ಕೋಟಿ ಡಾಲರ್. ನಿಮ್ಮ ಸ್ಲೈಡ್ ಇಲ್ಲಿಗೆ ಮುಗಿಯುತ್ತದೆ.

ಅದೇ ವರದಿಯಲ್ಲಿ ಇನ್ನೂ ಒಂದು ಅಂಕಿ ಇದೆ. ಆ ವರ್ಷ ಸರಿಯಾಗಿ ಸಂಗ್ರಹವಾಗಿ, ಲೆಕ್ಕಕ್ಕೆ ಸಿಕ್ಕು, ಮರುಬಳಕೆ ಆದದ್ದು ಶೇ 22.3 ಮಾತ್ರ. 2030ಕ್ಕೆ ಈ ಪಾಲು ಶೇ 20ಕ್ಕೆ ಇಳಿಯಬಹುದು ಎನ್ನುತ್ತದೆ ವರದಿ. ಈಗ ನೀವೇ ಗುಣಿಸಿ ನೋಡಿ. 2022ರಲ್ಲಿ ಮರುಬಳಕೆ ಘಟಕಗಳಿಗೆ ಬಂದದ್ದು ಸುಮಾರು 1.38 ಕೋಟಿ ಟನ್. 2030ಕ್ಕೆ ಬರುವುದು 1.64 ಕೋಟಿ ಟನ್. ಎಂಟು ವರ್ಷಕ್ಕೆ ಶೇ 19ರ ಆಸುಪಾಸು. ವರ್ಷಕ್ಕೆ ಶೇ 2ಕ್ಕಿಂತ ಚೂರು ಹೆಚ್ಚು. ಈಗಿನ ದಾರಿಯಲ್ಲೇ ಹೋದರೆ, ತೂಕದ ಲೆಕ್ಕದಲ್ಲಿ ಉದ್ಯಮದ ಬೆಳವಣಿಗೆ ಇಷ್ಟೇ. ಕಸ ಎರಡು ಕೋಟಿ ಟನ್ ಹೆಚ್ಚಾದರೆ ಘಟಕದ ಗೇಟಿಗೆ ಬರುವುದು 26 ಲಕ್ಷ ಟನ್ ಮಾತ್ರ.

ಹಾಗಾದರೆ ಉಳಿದ ಮಾಲು ಎಲ್ಲಿ ಹೋಗುತ್ತದೆ?

ಒಂದಿಷ್ಟು ಎಲ್ಲೂ ಹೋಗುವುದಿಲ್ಲ, ಮನೆಯಲ್ಲೇ ಇರುತ್ತದೆ. 2022ರಲ್ಲಿ ಯುರೋಪಿನಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಒಂದು ಮನೆಗೆ ಸರಾಸರಿ 74 ವಿದ್ಯುತ್ ಉಪಕರಣಗಳಿದ್ದವು. ಅವುಗಳಲ್ಲಿ 13 ಸುಮ್ನೆ ಬಿದ್ದಿದ್ದವು. ಒಂಬತ್ತು ಕೆಲಸ ಮಾಡುವಂಥವೇ, ನಾಲ್ಕು ಕೆಟ್ಟವು. ಇದನ್ನು ಜನರ ಅಜ್ಞಾನ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಳೆ ಫೋನಿನಲ್ಲಿ ಫೋಟೋ ಇರುತ್ತದೆ, ಬ್ಯಾಂಕಿನ ವಿವರ ಇರುತ್ತದೆ. ಅದನ್ನು ಗುರುತಿಲ್ಲದವರ ಕೈಗೆ ಕೊಡಲು ಹಿಂಜರಿಯುವುದು ಬುದ್ಧಿವಂತಿಕೆಯೇ ಅಲ್ವಾ? ಅದೂ ಅಲ್ಲದೆ ಒಂದು ಫೋನಿನಲ್ಲಿರುವ ಚಿನ್ನ ಒಂದು ಗ್ರಾಮಿನ ನೂರನೇ ಕೆಲವು ಭಾಗದಷ್ಟು. ಒಬ್ಬರ ಕೈಯಲ್ಲಿ ಇರುವಷ್ಟು ಹೊತ್ತು ಅದಕ್ಕೆ ಬೆಲೆಯೇ ಇಲ್ಲ. ಟನ್‌ಗಟ್ಟಲೆ ಒಂದೆಡೆ ಬಂದಾಗ ಮಾತ್ರ ಅದು ಒಳ್ಳೆಯ ಗಣಿಯ ಅದಿರಿಗಿಂತ ಎಷ್ಟೋ ಪಾಲು ಶ್ರೀಮಂತ. ಅಂದರೆ ಬೆಲೆ ಇರುವುದು ಒಟ್ಟುಗೂಡಿಸುವುದರಲ್ಲಿ. ಫೋನಿನೊಳಗಿನ ಚಿನ್ನದ ಕತೆ ಆಮೇಲೆ.

ಒಟ್ಟುಗೂಡಿಸುವುದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಟೋಕಿಯೋ ಒಲಿಂಪಿಕ್ಸ್ ಪದಕಗಳ ಕತೆ ನೋಡಿ. 2017ರ ಏಪ್ರಿಲ್‌ನಿಂದ 2019ರ ಮಾರ್ಚ್ ತನಕ ಜಪಾನ್ ದೇಶವಿಡೀ ಹಳೆ ಉಪಕರಣಗಳನ್ನು ಕೊಡಿ ಎಂದು ಕೇಳಿತು. ಬಹುತೇಕ ಎಲ್ಲ ಸ್ಥಳೀಯ ಆಡಳಿತಗಳೂ ಕೈಜೋಡಿಸಿದವು. ಬಂದದ್ದು 78,985 ಟನ್ ಸಣ್ಣ ಉಪಕರಣಗಳು. ಜೊತೆಗೆ 62.1 ಲಕ್ಷ ಮೊಬೈಲ್ ಫೋನ್. ಅಷ್ಟರಿಂದ ತೆಗೆದದ್ದು ಸುಮಾರು 32 ಕೆಜಿ ಚಿನ್ನ, 3,500 ಕೆಜಿ ಬೆಳ್ಳಿ, 2,200 ಕೆಜಿ ಕಂಚು. ಸುಮಾರು 5,000 ಪದಕಗಳಿಗೆ ಸಾಕಾಯಿತು. ಇದನ್ನು ನಗರದ ಗಣಿ ಎಂದು ಎಲ್ಲರೂ ಹೊಗಳಿದರು. ಹೊಗಳಲಿ, ಅದು ದೊಡ್ಡ ಕೆಲಸವೇ. ಆದರೆ ಶಿಸ್ತಿನ ಒಂದು ದೇಶ, ಒಲಿಂಪಿಕ್ಸ್‌ನ ಹುಮ್ಮಸ್ಸು, ಎರಡು ವರ್ಷ ಇಷ್ಟೆಲ್ಲ ಸೇರಿದಾಗ ಸಿಕ್ಕಿದ್ದು 32 ಕೆಜಿ ಚಿನ್ನ. ಒಲಿಂಪಿಕ್ಸ್ ಇಲ್ಲದ ವರ್ಷಗಳಲ್ಲಿ ಆ ಮಾಲನ್ನು ಯಾರು ತರುತ್ತಾರೆ?

ಸಣ್ಣ ಸಾಮಾನುಗಳ ಪಾಡು ಇನ್ನೂ ಕೆಟ್ಟದ್ದು. ಆಟಿಕೆ, ಟ್ರಿಮ್ಮರ್, ಮೈಕ್ರೋವೇವ್, ಇ-ಸಿಗರೇಟು ಇಂಥವೆಲ್ಲ ಸೇರಿ 2022ರಲ್ಲಿ ಸುಮಾರು 2 ಕೋಟಿ ಟನ್. ಒಟ್ಟು ಇ-ತ್ಯಾಜ್ಯದ ಮೂರನೇ ಒಂದು ಭಾಗ. ಅದರಲ್ಲಿ ಸರಿಯಾದ ಮರುಬಳಕೆಗೆ ಬಂದದ್ದು ಶೇ 12 ಮಾತ್ರ. ವಾಷಿಂಗ್ ಮೆಷಿನ್‌ನಂಥ ದೊಡ್ಡ ಸಾಮಾನು ಬಚ್ಚಿಡಲು ಆಗುವುದಿಲ್ಲ, ಹಾಗಾಗಿ ಅದು ಶೇ 34ರಷ್ಟು ಬರುತ್ತದೆ. ಕೈಯಲ್ಲಿ ಹಿಡಿಯುವಂಥದ್ದು ಕಸದ ಬುಟ್ಟಿಗೆ ಹೋಗುತ್ತದೆ. ಜೊತೆಗೆ ಅದರೊಳಗಿನ ಲಿಥಿಯಂ ಬ್ಯಾಟರಿಯೂ ಹೋಗುತ್ತದೆ. ಕಸದ ಲಾರಿಯಲ್ಲಿ ಅದು ಜಜ್ಜಿದರೆ ಬೆಂಕಿ. ಕಸದ ಕೇಂದ್ರಗಳಲ್ಲಿ, ಗುಜರಿ ಗೋದಾಮುಗಳಲ್ಲಿ ಈಚೆಗೆ ಹೆಚ್ಚಿರುವ ಬೆಂಕಿಗಳಿಗೆ ಇದೊಂದು ಮುಖ್ಯ ಕಾರಣ. ಈ ಬೆಂಕಿಯಿಂದಾಗಿ ವಿಮೆ ಸಿಗುವುದೇ ಕಷ್ಟವಾಗಿದೆ ಎನ್ನುತ್ತಾರೆ ಘಟಕ ನಡೆಸುವವರು. ನಿಮ್ಮ ಬೆಳವಣಿಗೆಯ ಲೆಕ್ಕದಲ್ಲಿ ಆ ಖರ್ಚಿಗೆ ಒಂದು ಸಾಲು ಇದೆಯೇ?

ಇನ್ನೊಂದು ದೊಡ್ಡ ಪಾಲು ಹೋಗುವುದು ಗುಜರಿಯವರ ಕೈಗೆ. ಇದನ್ನು ನೀವು ಅನೌಪಚಾರಿಕ ವಲಯ ಎಂದು ಕರೆದು, ಒಂದು ತೊಡಕು ಎಂಬಂತೆ ಬರೆಯುತ್ತೀರಿ. ನಾನು ಹೇಳುವುದು ಇಷ್ಟೇ: ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಂಗ್ರಹದ ಕೆಲಸ ಮಾಡುತ್ತಿರುವವರು ಅವರೇ. ಅವರು ಮನೆ ಬಾಗಿಲಿಗೆ ಬರುತ್ತಾರೆ. ಕೈಗೆ ಕಾಸು ಕೊಡುತ್ತಾರೆ. ಫಾರಂ ತುಂಬಿಸುವುದಿಲ್ಲ. ನಿಮ್ಮ ಘಟಕ ಊರಾಚೆ ಇದೆ, ತಂದುಕೊಡಿ ಎನ್ನುತ್ತದೆ, ಕಾಸೂ ಕೊಡುವುದಿಲ್ಲ. ಯಾರು ಗೆಲ್ಲುತ್ತಾರೆ ಎಂದು ಹೇಳಲು ಅಧ್ಯಯನ ಬೇಕಿಲ್ಲ.

ಅವರ ಕೆಲಸದ ಕೊನೆಯ ಹಂತ ಭಯಂಕರ, ಅದನ್ನು ಮುಚ್ಚಿಡುವುದಿಲ್ಲ. ತಾಮ್ರಕ್ಕಾಗಿ ವೈರ್ ಸುಡುತ್ತಾರೆ, ಅದರ ಮೇಲಿನ ಪಿವಿಸಿ ಪ್ಲಾಸ್ಟಿಕ್ ಉರಿದು ಡಯಾಕ್ಸಿನ್ ಎಂಬ ವಿಷ ಹೊರಬರುತ್ತದೆ. ಚಿನ್ನಕ್ಕಾಗಿ ಉಪಕರಣದೊಳಗಿನ ಸರ್ಕ್ಯೂಟ್ ಬೋರ್ಡನ್ನು ಆಸಿಡ್‌ನಲ್ಲಿ ಅದ್ದುತ್ತಾರೆ, ಉಳಿದ ನೀರು ಮೋರಿಗೆ. ಹೆಂಗಸರು, ಮಕ್ಕಳು ಅಲ್ಲೇ ಕೂತು ಕೆಲಸ ಮಾಡುತ್ತಾರೆ. ಇದರಿಂದ ಮಕ್ಕಳ ಶ್ವಾಸಕೋಶ, ಮಿದುಳಿನ ಬೆಳವಣಿಗೆಗೆ ಆಗುವ ಹಾನಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರತ್ಯೇಕ ವರದಿಯನ್ನೇ ತಂದಿದೆ.

ಆದರೆ ಇದಕ್ಕೆ ನೀವು ಹುಡುಕುವ ಪರಿಹಾರ ಸಾಮಾನ್ಯವಾಗಿ ಬುಲ್‌ಡೋಜರ್. ಘಾನಾದ ಅಕ್ರಾ ನಗರದ ಅಗ್ಬೊಗ್ಬ್ಲೋಶಿ ಗುಜರಿ ಅಂಗಳವನ್ನು 2021ರ ಜುಲೈನಲ್ಲಿ ಕೆಡವಿದರು. ವೈರ್ ಸುಡುವುದು ನಿಲ್ಲಲಿಲ್ಲ, ಪಕ್ಕದ ಜಾಗಗಳಿಗೆ ಹೋಯಿತು. ಚೀನಾದ ಗುಯಿಯುನಲ್ಲಿ ಬೇರೆ ದಾರಿ ಹಿಡಿದರು. ಮನೆಮನೆಯ ವರ್ಕ್‌ಶಾಪ್‌ಗಳನ್ನು 2015ರ ಹೊತ್ತಿಗೆ ಒಂದು ಕೈಗಾರಿಕಾ ಪಾರ್ಕ್‌ಗೆ ಸೇರಿಸಿದರು. ಅದಕ್ಕೂ ತಕರಾರುಗಳಿವೆ, ಬಾಡಿಗೆ ಕೊಡಲಾಗದೆ ಬಿಟ್ಟುಹೋದವರಿದ್ದಾರೆ. ಆದರೂ ಕಸುಬು ಬಲ್ಲವರನ್ನು ಒಳಗೆ ಕರೆಯುವ ಪ್ರಯತ್ನವಾದರೂ ಅಲ್ಲಿತ್ತು.

ಒಳಗೆ ಕರೆಯಬೇಕು ಎನ್ನುವುದು ಕನಿಕರದ ಮಾತಲ್ಲ, ಲಾಭದ ಮಾತು. ಯಂತ್ರ ತಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡವರಿಗೆ ಒಂದು ವಿಷಯ ಹೇಳಬೇಕು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಯುರೋಪಿನ ಆಧುನಿಕ ಘಟಕವೊಂದರಲ್ಲಿ ಚಿನ್ನದ ಜಾಡು ಹಿಡಿಯಿತು. ಹಳೆ ಕಂಪ್ಯೂಟರ್‌ಗಳಂಥ ಸಾಮಾನನ್ನು ಶ್ರೆಡ್ಡರ್‌ಗೆ ಹಾಕಿ ಚೂರು ಮಾಡಿ ಬೇರ್ಪಡಿಸಿದಾಗ, ಒಳಗೆ ಹೋದ ಚಿನ್ನದಲ್ಲಿ ಸುಮಾರು ಕಾಲು ಭಾಗ ಮಾತ್ರ ಅದನ್ನು ಹೊರತೆಗೆಯಬಹುದಾದ ರಾಶಿಗೆ ಸೇರಿತು. ಉಳಿದದ್ದು ದೂಳಿಗೆ, ಪ್ಲಾಸ್ಟಿಕ್‌ಗೆ, ಕಬ್ಬಿಣಕ್ಕೆ ಅಂಟಿಕೊಂಡು ಹೋಯಿತು. ಸ್ಕ್ರೂಡ್ರೈವರ್ ಹಿಡಿದು ಬೋರ್ಡನ್ನು ಇಡಿಯಾಗಿ ಬಿಚ್ಚಿ ತೆಗೆಯುವ ಕೈ ಈ ನಷ್ಟ ಮಾಡುವುದಿಲ್ಲ. ಬಿಚ್ಚುವುದು ಕೈಗೆ, ಕರಗಿಸುವುದು ಒಳ್ಳೆಯ ಕುಲುಮೆಗೆ. ಈ ಹಂಚಿಕೆ ಹೊಸ ಯೋಚನೆಯೇನಲ್ಲ, ತಜ್ಞರು ವರ್ಷಗಳಿಂದ ಹೇಳುತ್ತಿದ್ದಾರೆ. ನಡೆಯದಿರುವುದು ಯಾಕೆಂದರೆ, ಇಡಿಯಾದ ಬೋರ್ಡ್ ತಂದುಕೊಟ್ಟವನಿಗೆ ಆಸಿಡ್ ಹೊಂಡದವನು ಕೊಡುವುದಕ್ಕಿಂತ ಹೆಚ್ಚು ಬೆಲೆಯನ್ನು, ಅದೇ ದಿನ, ನಗದಾಗಿ ಕೊಡುವ ವ್ಯವಸ್ಥೆ ಇಲ್ಲ. ದೊಡ್ಡ ಕುಲುಮೆಯಿಂದ ದುಡ್ಡು ಬರಲು ತಿಂಗಳುಗಳು ಬೇಕು. ಆ ನಡುವಿನ ಸಮಯಕ್ಕೆ ಬಂಡವಾಳ ಬೇಕು. ಹೂಡಿಕೆದಾರರೇ, ನಿಮ್ಮ ಹಣಕ್ಕೆ ನಿಜವಾದ ಜಾಗ ಇದು. ಹೊಳೆಯುವ ಯಂತ್ರಗಳಷ್ಟು ಚೆನ್ನಾಗಿ ಫೋಟೋದಲ್ಲಿ ಕಾಣುವುದಿಲ್ಲ, ಅಷ್ಟೆ.

ಕುಲುಮೆಗಳ ವಿಷಯ. ಬೋರ್ಡಿನಿಂದ ಹತ್ತಾರು ಲೋಹಗಳನ್ನು ಒಟ್ಟಿಗೆ, ಶುದ್ಧವಾಗಿ ತೆಗೆಯಬಲ್ಲ ದೊಡ್ಡ ಸ್ಥಾವರಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಬೆಲ್ಜಿಯಂನ ಹೊಬೊಕೆನ್, ಸ್ವೀಡನ್ನಿನ ರೋನ್‌ಶಾರ್, ಜರ್ಮನಿಯ ಲ್ಯೂನೆನ್, ಜಪಾನಿನ ಕೊಸಾಕಾ ಇಂಥವು. ಎಲ್ಲವೂ ಹಿಂದೆ ಅದಿರು, ಸೀಸ, ತಾಮ್ರ ಕರಗಿಸುತ್ತಿದ್ದ ಹಳೆ ಜಾಗಗಳ ಮೇಲೆ ಬೆಳೆದಂಥವು. ಇಂಥ ಇನ್ನೊಂದನ್ನು ಕಟ್ಟಲು ಬೇಕಾದ ಹಣ, ಸಮಯ, ಅನುಮತಿ ಸಣ್ಣದಲ್ಲ. ಈಚೆಗೆ ರಾಸಾಯನಿಕ ದ್ರಾವಣದಲ್ಲಿ ಚಿನ್ನ ತೆಗೆಯುವ ಸಣ್ಣ ಘಟಕಗಳು ಬರುತ್ತಿವೆ. ಬ್ರಿಟನ್ನಿನ ರಾಯಲ್ ಮಿಂಟ್, ಅಂದರೆ ಅಲ್ಲಿನ ನಾಣ್ಯ ಟಂಕಿಸುವ ಸಂಸ್ಥೆ, 2024ರಲ್ಲಿ ವೇಲ್ಸ್‌ನಲ್ಲಿ ಇಂಥದ್ದೊಂದನ್ನು ತೆರೆಯಿತು. ವರ್ಷಕ್ಕೆ 4,000 ಟನ್ ಬೋರ್ಡ್ ಅದರ ಸಾಮರ್ಥ್ಯ. ನನಗೆ ಇದು ಒಳ್ಳೆಯ ಸುದ್ದಿ. ಆದರೆ ಗಮನಿಸಿ, ಹೊಸದಾಗಿ ಘೋಷಣೆಯಾಗುವ ಘಟಕಗಳೆಲ್ಲ ಕಣ್ಣಿಟ್ಟಿರುವುದು ಅದೇ ಬೋರ್ಡುಗಳ ಮೇಲೆ. ಸಂಗ್ರಹ ಬೆಳೆಯದೆ ಘಟಕಗಳು ಮಾತ್ರ ಬೆಳೆದರೆ ಮಾಲಿಗೆ ಪೈಪೋಟಿ ಶುರುವಾಗುತ್ತದೆ. ಕೊಳ್ಳುವ ಬೆಲೆ ಏರುತ್ತದೆ, ಲಾಭ ಕರಗುತ್ತದೆ, ಅರ್ಧ ಯಂತ್ರಗಳು ಖಾಲಿ ನಿಲ್ಲುತ್ತವೆ.

ಇಷ್ಟು ಹೊತ್ತು ಬೆಲೆ ಇರುವ ಮಾಲಿನ ಮಾತಾಯಿತು. ಇ-ತ್ಯಾಜ್ಯದಲ್ಲಿ ಯಾರಿಗೂ ಬೇಡದ ಮಾಲೂ ಬೇಕಾದಷ್ಟಿದೆ, ಅದರ ಬಗ್ಗೆ ಯಾವ ಸ್ಲೈಡೂ ಇರುವುದಿಲ್ಲ. ಬೆಂಕಿ ಹತ್ತದಂತೆ ಬ್ರೋಮಿನ್ ಬೆರೆಸಿದ ಪ್ಲಾಸ್ಟಿಕ್. ಪಾದರಸವಿರುವ ದೀಪ. ಸೀಸ ಬೆರೆತ ಹಳೆ ಟಿವಿ ಗಾಜು. ಫ್ರಿಜ್‌ನ ಅನಿಲ. ಇವುಗಳನ್ನು ಸರಿಯಾಗಿ ವಿಲೇವಾರಿ ಮಾಡಲು ದುಡ್ಡು ಖರ್ಚಾಗುತ್ತದೆ, ಬರುವುದಿಲ್ಲ. ಹಳೆ ಫ್ರಿಜ್‌ಗಳಲ್ಲಿರುವ ಆರ್-12 ಅನಿಲ ಒಂದು ಕೆಜಿ ಸೋರಿದರೂ ಸುಮಾರು ಹತ್ತು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ. ಅದನ್ನು ಹಿಡಿಯಲು ಬೇರೆ ಯಂತ್ರ ಬೇಕು. ಕಂಪ್ರೆಸರ್ ಕತ್ತರಿಸಿ ತಾಮ್ರ ತೆಗೆದುಕೊಂಡು ಅನಿಲವನ್ನು ಗಾಳಿಗೆ ಬಿಟ್ಟರೆ ಖರ್ಚೇ ಇಲ್ಲ. ಕಾನೂನು ನೋಡುವ ತೂಕದ ಲೆಕ್ಕದಲ್ಲಿ ಎರಡೂ ಒಂದೇ!

ಅಮೆರಿಕದಲ್ಲಿ ಹಳೆ ಟಿವಿ ಗಾಜಿನ ವಿಷಯದಲ್ಲಿ ಏನಾಯಿತು ಎಂದು ನಿಮಗೆ ಗೊತ್ತಿರಬೇಕು. ದಪ್ಪ ಟಿವಿಗಳ ತಯಾರಿಕೆ ನಿಂತಿತು. ಆ ಗಾಜನ್ನು ಕೊಳ್ಳುವವರೇ ಇಲ್ಲವಾದರು. ಮರುಬಳಕೆ ಮಾಡುತ್ತೇವೆ ಎಂದು ದುಡ್ಡು ತೆಗೆದುಕೊಂಡ ಕೆಲವು ಕಂಪನಿಗಳು ಗೋದಾಮುಗಳ ತುಂಬ ಸೀಸದ ಗಾಜು ಪೇರಿಸಿಟ್ಟು ಬಾಗಿಲು ಹಾಕಿಕೊಂಡು ಹೋದವು. ಅವುಗಳ ದಾಖಲೆಯಲ್ಲೂ ಬೆಳವಣಿಗೆಯ ಗೆರೆ ಮೇಲಕ್ಕೇ ಇತ್ತು.

ಹಾಗಾಗಿ ಕಾನೂನು ಬರೆಯುವವರಲ್ಲಿ ನನ್ನ ಮೊದಲ ಕೋರಿಕೆ, ತೂಕವನ್ನು ಅಳೆಯುವುದು ಬಿಡಿ. ಯುರೋಪಿನ ಒಕ್ಕೂಟ 2019ರಿಂದ, ಹಿಂದಿನ ಮೂರು ವರ್ಷ ಮಾರಾಟವಾದ ಉಪಕರಣಗಳ ಸರಾಸರಿ ತೂಕದ ಶೇ 65ರಷ್ಟನ್ನು ಸಂಗ್ರಹಿಸಬೇಕು ಎಂದು ಗುರಿ ಇಟ್ಟಿತು. ಹೆಚ್ಚಿನ ಸದಸ್ಯ ದೇಶಗಳು ಅದನ್ನು ಮುಟ್ಟಲೇ ಇಲ್ಲ. ಮುಟ್ಟಿದ್ದರೂ ಅದರಲ್ಲಿ ಎಷ್ಟು ತೂಕ ವಾಷಿಂಗ್ ಮೆಷಿನ್ ಅಲುಗಾಡದಿರಲಿ ಎಂದು ಒಳಗೆ ಇಟ್ಟ ಕಾಂಕ್ರೀಟ್ ತುಂಡಿನದ್ದು? ಭಾರತದ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಅಲ್ಲಿ ತಯಾರಕರು ಘಟಕಗಳಿಂದ ಕೊಳ್ಳುವ ಮರುಬಳಕೆ ಪ್ರಮಾಣಪತ್ರ ಸಿಗುವುದು ಹೊರತೆಗೆದ ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಲೆಕ್ಕದಲ್ಲಿ. ಇದು ಒಂದು ಹೆಜ್ಜೆ ಮುಂದೆ, ಒಪ್ಪುತ್ತೇನೆ. ಆದರೆ ಈ ನಾಲ್ಕೂ ಮಾರುಕಟ್ಟೆಯಲ್ಲಿ ತಾವಾಗಿಯೇ ಬೆಲೆ ಇರುವ ಲೋಹಗಳು. ಕಾನೂನಿನ ಒತ್ತಾಸೆ ಬೇಕಿರುವುದು ಬೇರೆಯವಕ್ಕೆ.

ಮ್ಯಾಗ್ನೆಟ್‌ಗಳನ್ನು ತೆಗೆದುಕೊಳ್ಳಿ. ಹಾರ್ಡ್ ಡಿಸ್ಕ್, ಸ್ಪೀಕರ್, ಮೋಟರುಗಳಲ್ಲಿ ನಿಯೋಡಿಮಿಯಂ ಮ್ಯಾಗ್ನೆಟ್ ಇರುತ್ತದೆ. ಅಪರೂಪದ ಲೋಹಗಳು ಎಂದು ಕರೆಯುವ ಈ ಗುಂಪಿನ ಬೇಡಿಕೆಯಲ್ಲಿ ಇ-ತ್ಯಾಜ್ಯದಿಂದ ಬರುವುದು ಶೇ 1ರಷ್ಟು ಮಾತ್ರ. ತಂತ್ರ ಗೊತ್ತಿಲ್ಲ ಅಂತಲ್ಲ. ಮ್ಯಾಗ್ನೆಟ್ ಅಂಟಿಕೊಂಡಿರುತ್ತದೆ, ಚಿಕ್ಕದು, ಶ್ರೆಡ್ಡರ್‌ನಲ್ಲಿ ಪುಡಿಯಾದರೆ ಕಬ್ಬಿಣಕ್ಕೆ ಕಚ್ಚಿಕೊಂಡು ಹೋಗುತ್ತದೆ. ಗಣಿಯ ಮಾಲು ಅಗ್ಗವಿದ್ದಾಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 2025ರ ಏಪ್ರಿಲ್‌ನಲ್ಲಿ ಚೀನಾ ಇಂಥ ಏಳು ಲೋಹಗಳ ರಫ್ತಿಗೆ ಅನುಮತಿ ಕಡ್ಡಾಯ ಮಾಡಿದ ಮೇಲೆ ಕಾರು ತಯಾರಿಸುವವರಿಂದ ಹಿಡಿದು ಎಲ್ಲರಿಗೂ ದಿಗಿಲು ಹತ್ತಿತು. ಉದ್ಯಮ ನಿಜವಾಗಿ ಬೆಳೆಯಬಹುದಾದ ದಿಕ್ಕು ಇದು. ಬ್ಯಾಟರಿ ಇನ್ನೊಂದು. ಸೌರ ಫಲಕ ಮತ್ತೊಂದು: 2022ರಲ್ಲಿ 6 ಲಕ್ಷ ಟನ್ ಇದ್ದ ಫಲಕಗಳ ಕಸ 2030ಕ್ಕೆ 24 ಲಕ್ಷ ಟನ್ ಆಗಬಹುದು.

ಆದರೆ ಇಲ್ಲೂ ಮಾರುಕಟ್ಟೆಯನ್ನೇ ನಂಬಿ ಕೂತರೆ ಕೆಟ್ಟೆವು. 2022ರ ಕೊನೆಯಲ್ಲಿ ಆಕಾಶದಲ್ಲಿದ್ದ ಲಿಥಿಯಂ ಬೆಲೆ ಎರಡೇ ವರ್ಷದಲ್ಲಿ ಶೇ 80ಕ್ಕಿಂತ ಹೆಚ್ಚು ಕುಸಿಯಿತು. ಆ ಬೆಲೆ ನಂಬಿ ಹಿಗ್ಗಿದ್ದ ಉತ್ತರ ಅಮೆರಿಕದ ಒಂದು ದೊಡ್ಡ ಬ್ಯಾಟರಿ ಮರುಬಳಕೆ ಕಂಪನಿ 2025ರಲ್ಲಿ ದಿವಾಳಿಯಾಯಿತು. ಬ್ಯಾಟರಿಗಳು ಬರುವುದು ಆಮೇಲೂ ನಿಲ್ಲಲಿಲ್ಲ. ಯುರೋಪಿನ 2023ರ ಬ್ಯಾಟರಿ ಕಾನೂನು ಇದನ್ನು ಸರಿಯಾಗಿ ಹಿಡಿದಿದೆ ಅನ್ನಿಸುತ್ತದೆ. ಕಸದ ಬ್ಯಾಟರಿಯಲ್ಲಿರುವ ಲಿಥಿಯಂನಲ್ಲಿ 2027ರ ಕೊನೆಗೆ ಶೇ 50, 2031ರ ಕೊನೆಗೆ ಶೇ 80 ಹೊರತೆಗೆಯಬೇಕು ಎನ್ನುತ್ತದೆ ಅದು. ಹೊಸ ಬ್ಯಾಟರಿಗಳಲ್ಲಿ ಇಂತಿಷ್ಟು ಮರುಬಳಕೆಯ ಲೋಹ ಇರಲೇಬೇಕು ಎಂದೂ ಹೇಳುತ್ತದೆ. ಎರಡನೆಯದು ಮುಖ್ಯ. ಕೊಳ್ಳುವವರು ಇದ್ದೇ ಇರುತ್ತಾರೆ ಎಂಬ ಭರವಸೆ ಇದ್ದರೆ ಮಾತ್ರ ಯಾರಾದರೂ ಘಟಕ ಕಟ್ಟುತ್ತಾರೆ. ಅದೇ ಕಾನೂನು ಬಳಸುವವರೇ ಬ್ಯಾಟರಿ ಬಿಚ್ಚಲು ಬರುವಂತೆ ಉಪಕರಣ ಮಾಡಿ ಎಂದು 2027ರ ಫೆಬ್ರವರಿಯಿಂದ ಕೇಳುತ್ತದೆ. ಗಮ್ ಹಾಕಿ ಅಂಟಿಸಿದ ಬ್ಯಾಟರಿಯನ್ನು ಕಿತ್ತು ಬೆರಳು ಸುಟ್ಟುಕೊಂಡವರಿಗೆ ಅದರ ಬೆಲೆ ಗೊತ್ತು.

ಇನ್ನು ದುಡ್ಡಿನ ಪ್ರಶ್ನೆ. ಬೇಡದ ಮಾಲಿಗೆ, ಸಂಗ್ರಹಕ್ಕೆ ಯಾರು ಕೊಡಬೇಕು? ಜಪಾನ್ 2001ರಿಂದ ಟಿವಿ, ಫ್ರಿಜ್, ಎಸಿ, ವಾಷಿಂಗ್ ಮೆಷಿನ್‌ಗಳಿಗೆ ಎಸೆಯುವವರಿಂದಲೇ ಶುಲ್ಕ ಪಡೆಯುತ್ತದೆ. ಮರುಬಳಕೆ ಚೆನ್ನಾಗಿ ನಡೆಯುತ್ತದೆ, ಆದರೆ ಶುಲ್ಕ ತಪ್ಪಿಸಲು ಕದ್ದು ಎಸೆಯುವವರೂ ಇದ್ದಾರೆ. ಸ್ವಿಟ್ಜರ್ಲೆಂಡ್ 1990ರ ದಶಕದಿಂದ ಹೊಸ ಸಾಮಾನು ಕೊಳ್ಳುವಾಗಲೇ ಶುಲ್ಕ ಸೇರಿಸುತ್ತದೆ, ಹಿಂದಿರುಗಿಸುವಾಗ ಏನೂ ಕೊಡಬೇಕಿಲ್ಲ. ನನ್ನ ಮತ ಇದಕ್ಕೆ. ಕೊಳ್ಳುವಾಗ ಜೇಬಿನಲ್ಲಿ ದುಡ್ಡಿರುತ್ತದೆ, ಎಸೆಯುವಾಗ ಇರುವುದಿಲ್ಲ. ಆದರೆ ನಿಧಿ ಕಟ್ಟಿದರೆ ಸಾಲದು, ಲೆಕ್ಕ ಹೊಂದಬೇಕು. ಚೀನಾ 2012ರಲ್ಲಿ ತಯಾರಕರಿಂದ ಹಣ ಪಡೆದು ಬಿಚ್ಚುವ ಘಟಕಗಳಿಗೆ ಸಹಾಯಧನ ಕೊಡುವ ನಿಧಿ ಮಾಡಿತು. ಬಂದದ್ದಕ್ಕಿಂತ ಕೊಡಬೇಕಾದ್ದು ಹೆಚ್ಚಾಗಿ, ಘಟಕಗಳಿಗೆ ಬಾಕಿ ಉಳಿಯಿತು. ಕೊನೆಗೆ 2024ರ ಆರಂಭದಿಂದ ಆ ವಸೂಲಿಯನ್ನೇ ನಿಲ್ಲಿಸಿದರು.

ದುಬಾರಿ ಎನ್ನುತ್ತೀರಾ? ಈಗ ನಡೆಯುತ್ತಿರುವುದು ಅದಕ್ಕಿಂತ ದುಬಾರಿ. ಮೊದಲು ಹೇಳಿದ ವರದಿಯ ಅಂದಾಜಿನಲ್ಲಿ, ಸರಿಯಾಗಿ ನಿಭಾಯಿಸದ ಇ-ತ್ಯಾಜ್ಯದಿಂದ ಜನರ ಆರೋಗ್ಯಕ್ಕೂ ಪರಿಸರಕ್ಕೂ ಆಗುವ ನಷ್ಟ ವರ್ಷಕ್ಕೆ 7,800 ಕೋಟಿ ಡಾಲರ್. ಅದು ಯಾವ ಕಂಪನಿಯ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ. 2030ಕ್ಕೆ ಸಂಗ್ರಹ ಶೇ 60 ಮುಟ್ಟಿಸಿದರೆ ಎಲ್ಲ ಖರ್ಚು ಕಳೆದು ಲಾಭವೇ 3,800 ಕೋಟಿ ಡಾಲರ್ ಮೀರುತ್ತದೆ ಎನ್ನುತ್ತದೆ ಅದೇ ವರದಿ. ಶೇ 20ಕ್ಕೂ ಶೇ 60ಕ್ಕೂ ನಡುವಿನ ಜಾಗದಲ್ಲೇ ನೀವು ಹೇಳುವ ಬೆಳವಣಿಗೆ ಇದೆ. ಬೇರೆಲ್ಲೂ ಇಲ್ಲ.

ಒಂದು ಮಾತು ಬಿಟ್ಟುಹೋಗಬಾರದು. ದೇಶದಿಂದ ದೇಶಕ್ಕೆ ಕಸ ಸಾಗಿಸುವುದಕ್ಕೆ ಅಂಕೆ ಹಾಕುವ ಬಾಸೆಲ್ ಒಪ್ಪಂದದ ತಿದ್ದುಪಡಿ 2025ರ ಜನವರಿ 1ರಿಂದ ಜಾರಿಯಾಗಿದೆ. ಅಪಾಯಕಾರಿ ಆಗಿರಲಿ, ಆಗದಿರಲಿ, ಎಲ್ಲ ಇ-ತ್ಯಾಜ್ಯವನ್ನೂ ಗಡಿ ದಾಟಿಸಲು ಪಡೆಯುವ ದೇಶದ ಮುಂಚಿತ ಒಪ್ಪಿಗೆ ಬೇಕು. ಕಸ ಸುರಿಯುವುದನ್ನು ತಡೆಯಲು ಇದು ಬೇಕಿತ್ತು. ಆದರೆ ಬಡ ದೇಶದಲ್ಲಿ ಕೈಯಿಂದ ಬಿಚ್ಚಿದ ಬೋರ್ಡು ಹೊಬೊಕೆನ್‌ಗೆ ಹೋಗುವುದಕ್ಕೂ ಅದೇ ಕಾಗದಪತ್ರ, ಅದೇ ಕಾಯುವಿಕೆ. ಆ ದಿಕ್ಕಿನ ಸಾಗಣೆಗೆ ಬೇಗ ಅನುಮತಿ ಸಿಗುವ ದಾರಿ ಮಾಡಿ. ಇಲ್ಲದಿದ್ದರೆ ಬೋರ್ಡು ಆಸಿಡ್ ಹೊಂಡಕ್ಕೇ ಹೋಗುತ್ತದೆ.

ಕೊನೆಯದಾಗಿ ಇಬ್ಬರಿಗೂ ಸೇರಿ ಒಂದು ಬೇಡಿಕೆ. ಘಟಕಗಳ ಸಾಮರ್ಥ್ಯವನ್ನು ನೀವು ದೊಡ್ಡದಾಗಿ ಪ್ರಕಟಿಸುತ್ತೀರಿ. ಇನ್ನು ಮುಂದೆ ಅದರ ಪಕ್ಕದಲ್ಲೇ ಮೂರು ಅಂಕಿ ಹಾಕಿ: ಹೋದ ವರ್ಷ ನಿಜವಾಗಿ ಬಂದ ಮಾಲು ಎಷ್ಟು, ಅದರಿಂದ ಯಾವ ಯಾವ ಲೋಹ ಎಷ್ಟೆಷ್ಟು ಹೊರಬಂತು, ತಂದುಕೊಟ್ಟವರಿಗೆ ಒಟ್ಟು ಎಷ್ಟು ದುಡ್ಡು ಹೋಯಿತು. ಪರವಾನಗಿ ನವೀಕರಣಕ್ಕೆ, ಸಾಲ ಮಂಜೂರಿಗೆ ಈ ಮೂರನ್ನೂ ಷರತ್ತಾಗಿ ಇಡಿ. ಮುಂದಿನ ವರ್ಷದ ವರದಿಯಿಂದಲೇ ಶುರು ಮಾಡಬಹುದು. ಇದಕ್ಕೆ ಹೊಸ ಕಾನೂನೂ ಬೇಕಿಲ್ಲ.

ಇಂತಿ,
ಗುಜರಿ ಮಾಲಿನ ಲೆಕ್ಕ ಬಲ್ಲ ಒಬ್ಬ